ಮೆತ್ತನೆಯ ಮನುಷ್ಯನೆಂಬ ಹಣೆಪಟ್ಟಿ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ 2016ರಿಂದ ಪ್ರತಿವರ್ಷ ಕೆಲವು ಪಂದ್ಯಗಳನ್ನು ಮೂಲನಿವಾಸಿ ಆಟಗಾರ ಸರ್ ಡಗ್ ನಿಕಲ್ಸ್ ಅವರ ಹೆಸರಿನಲ್ಲಿ ಆಡಿಸುತ್ತಿದೆ. ಹೀಗೆ ನೆನೆಯುವವರ ಕಣ್ಣಲ್ಲಿ ಅವರು ನಗುಮುಖದ ಪಾದ್ರಿ, ಮೂಲನಿವಾಸಿಗಳನ್ನೂ ಬಿಳಿಯರನ್ನೂ ಬೆಸೆದ ಸಾಧು. ಅದೇ ಗುಣವನ್ನು ದೋಷವೆಂದು ಎಣಿಸಿ, ಪ್ರಭುತ್ವಕ್ಕೆ ಹತ್ತಿರವಾದವರು ಎಂದು ಜರೆದವರೂ ಇದ್ದಾರೆ. ಹೊಗಳುವವರೂ ತೆಗಳುವವರೂ ಅವರನ್ನು ಮೆತ್ತನೆಯ ಮನುಷ್ಯ ಎಂದೇ ನಂಬಿದ್ದಾರೆ. ಇದನ್ನು ನಾನು ಒಪ್ಪಲಾರೆ.

ಮೊದಲು ಆಟದ ಮಾತು. ಮರ್ರೆ ನದಿಯ ದಡದ ಕಮೆರಗುಂಜದಲ್ಲಿ 1906ರಲ್ಲಿ ಹುಟ್ಟಿದ ಯೋರ್ಟಾ ಯೋರ್ಟಾ ಕುಲದ ಈ ಹುಡುಗ ಐದಡಿ ಎರಡಂಗುಲದ ಕುಳ್ಳ, ಓಟದಲ್ಲಿ ಗಾಳಿ. 1927ರಲ್ಲಿ ಕಾರ್ಲ್ಟನ್ ಕ್ಲಬ್ಬಿಗೆ ಹೋದಾಗ ಮೈಬಣ್ಣದ ಕಾರಣಕ್ಕೇ ಅವರನ್ನು ಹೊರಗಿಟ್ಟರು. ಆಟಗಾರರ ಮೈ ತಿಕ್ಕುವವರು ಕೂಡ ಅವರನ್ನು ಮುಟ್ಟಲು ಮುಂದೆ ಬರಲಿಲ್ಲ. 1932ರಲ್ಲಿ ಫಿಟ್ಜ್‌ರಾಯ್ ಕ್ಲಬ್ ಸೇರಿದ ಮೇಲೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂಟಿಯಾಗಿದ್ದವರ ಪಕ್ಕ ಬಂದು ಕುಳಿತದ್ದು ತಾರಾ ಆಟಗಾರ ಹೇಡನ್ ಬಂಟನ್. ಬಂಟನ್‌ರ ಸಜ್ಜನಿಕೆ ಬಂಟನ್‌ರದು; ಅದನ್ನು ಇಡೀ ಆಟದ ಖಾತೆಗೆ ಜಮಾ ಮಾಡುವುದು ಅನ್ಯಾಯ. 1935ರಲ್ಲಿ ವಿಕ್ಟೋರಿಯಾ ರಾಜ್ಯದ ಪರವಾಗಿ ಆಡಿದ ನಿಕಲ್ಸ್ ಅವರ ಜನರನ್ನು ದೇಶದ ಜನಸಂಖ್ಯೆಯ ಲೆಕ್ಕದಿಂದ ಸಂವಿಧಾನವೇ ಹೊರಗಿಟ್ಟಿತ್ತು. ಆ ಕಲಂ ಬಿದ್ದದ್ದು 1967ರ ಜನಮತಗಣನೆಯಲ್ಲಿ. ಅದಕ್ಕಾಗಿ ಊರೂರು ತಿರುಗಿ ಮತ ಕೇಳಿದವರಲ್ಲಿ ಅವರೂ ಒಬ್ಬರು.

ಅವರ ಉಳಿದ ಬದುಕನ್ನು ನೋಡಿ. 1938ರ ಜನವರಿ 26ರಂದು, ಬಿಳಿಯರು ಬಂದಿಳಿದ 150ನೇ ವರ್ಷದ ಸಂಭ್ರಮದ ನಡುವೆ, ಸಿಡ್ನಿಯಲ್ಲಿ ಶೋಕಾಚರಣೆ ನಡೆಸಿದ ಮೂಲನಿವಾಸಿಗಳ ಸಭೆಯಲ್ಲಿ ಅವರಿದ್ದರು. 1957ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವಾರ್‌ಬರ್ಟನ್ ಬೆಟ್ಟಗಳಿಗೆ ಹೋಗಿ, ಹಸಿವು ಮತ್ತು ಕಾಯಿಲೆಗಳಿಂದ ಕುಸಿದ ಜನರ ಚಿತ್ರ ತಂದು ನಗರದವರ ಮುಂದಿಟ್ಟರು. ಕಂಡವರು ಕಂಗಾಲಾದರು. ಆ ವರ್ಷವೇ ಮೆಲ್ಬರ್ನ್‌ನಲ್ಲಿ ಮೂಲನಿವಾಸಿಗಳ ಅಭ್ಯುದಯಕ್ಕಾಗಿ ಒಂದು ಲೀಗ್ ಹುಟ್ಟಿತು.

ನನ್ನ ಮಟ್ಟಿಗೆ ಅವರ ಬದುಕಿನ ತಿರುಳು 1963ರಲ್ಲಿದೆ. ಲೇಕ್ ಟೈಯರ್ಸ್ ಎಂಬ ಮೂಲನಿವಾಸಿ ನೆಲೆಯನ್ನು ಮುಚ್ಚಿ, ಅಲ್ಲಿನ ಕುಟುಂಬಗಳನ್ನು ಬಿಳಿಯರ ಊರುಗಳಲ್ಲಿ ಚದುರಿಸಲು ವಿಕ್ಟೋರಿಯಾದ ಕಲ್ಯಾಣ ಮಂಡಳಿ ಹೊರಟಿತ್ತು. ನಿಕಲ್ಸ್ ಆ ಮಂಡಳಿಯ ಸದಸ್ಯ. ಒಳಗಿದ್ದುಕೊಂಡೇ ಸುಧಾರಿಸೋಣ ಎಂಬ ನೆಪ ಸುಲಭವಾಗಿ ಸಿಗುತ್ತಿತ್ತು. ಅವರು ರಾಜೀನಾಮೆ ಕೊಟ್ಟು ಬೀದಿಗಿಳಿದರು. ಮೆದುದನಿಯಲ್ಲಿ ಅವರು ಕೇಳಿದ್ದು ನೆಲವನ್ನು, ಮತ್ತು ತಮ್ಮವರಾಗಿಯೇ ಉಳಿಯುವ ಹಕ್ಕನ್ನು. ಪಿಯಾನೋದ ಕಪ್ಪು-ಬಿಳಿ ಮನೆಗಳು ಎರಡೂ ಸೇರಿದರೇ ನಾದ ಪೂರ್ಣ ಎಂದು ಅವರು ಹೇಳುತ್ತಿದ್ದ ಮಾತನ್ನು ಬರೀ ಸಾಮರಸ್ಯದ ಪಾಠವಾಗಿ ಓದುವವರು, ಆ ನಾದದಲ್ಲಿ ಕಪ್ಪು ಮನೆ ಕಪ್ಪಾಗಿಯೇ ಇರುತ್ತದೆ ಎಂಬುದನ್ನು ಮರೆಯುತ್ತಾರೆ.

ಅವರಿಗೆ 'ಸರ್' ಪದವಿ ಸಿಕ್ಕ 1972ರಲ್ಲೇ ಕ್ಯಾನ್‌ಬೆರಾದ ಸಂಸತ್ ಭವನದೆದುರು ಮೂಲನಿವಾಸಿ ಯುವಕರು ಡೇರೆ ಹೂಡಿ ಭೂಮಿಯ ಹಕ್ಕು ಕೇಳಿದರು. ಆ ಯುವಕರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಬೇಡಿಕೆಯನ್ನು ನಿಕಲ್ಸ್‌ಗೆ ಎದುರಾಗಿ ನಿಲ್ಲಿಸುವುದು ಚರಿತ್ರೆಗೆ ಸಲ್ಲದು. ನಿಕಲ್ಸ್ ಯಾವುದಕ್ಕಾಗಿ ಕಾದಾಡಿದರೋ ಆ ಲೇಕ್ ಟೈಯರ್ಸ್ ನೆಲವನ್ನು ಅಲ್ಲಿನವರಿಗೇ ಒಪ್ಪಿಸುವ ಕಾನೂನು 1970ರಲ್ಲೇ, ಆ ಡೇರೆಗಳು ಏಳುವ ಮೊದಲೇ, ಬಂದಾಗಿತ್ತು.