ಓಡಿ ಮುಗಿದ ಕುದುರೆಯ ಮೇಲೆ ಪಣ

ಅಮೆರಿಕದ ಅರ್ಕನ್ಸಾ ರಾಜ್ಯದ ಓಕ್‌ಲಾನ್ ರೇಸ್ ಮೈದಾನದಲ್ಲಿ 2000ರಲ್ಲಿ ಒಂದು ಹೊಸ ಬಗೆಯ ಜೂಜಿನ ಯಂತ್ರ ಬಳಕೆಗೆ ಬಂದಿತು. ಎಂದೋ ಓಡಿ ಮುಗಿದ ಪಂದ್ಯದ ಮೇಲೆ ಇಲ್ಲಿ ಹಣ ಕಟ್ಟಬೇಕು. ಕುದುರೆಯ ಹೆಸರು, ಪಂದ್ಯದ ಸ್ಥಳ, ದಿನಾಂಕಗಳನ್ನು ಮರೆಮಾಚಿ, ಹಿಂದಿನ ಸಾಧನೆಯ ಅಂಕಿಅಂಶಗಳನ್ನಷ್ಟೇ ತೋರಿಸಲಾಗುತ್ತದೆ. ಆದುದರಿಂದ ಇದು ಅದೃಷ್ಟದಾಟವಲ್ಲ, ಜಾಣ್ಮೆಯ ಪರೀಕ್ಷೆ ಎಂಬುದು ಸಮರ್ಥಕರ ವಾದ. ಆದರೆ ಆಟಗಾರನು ಆಯ್ಕೆಯನ್ನು ಯಂತ್ರಕ್ಕೇ ಬಿಟ್ಟು ಗುಂಡಿಯನ್ನಷ್ಟೇ ಒತ್ತುತ್ತಿರಬಹುದು. ಅಲ್ಲಿ ಜಾಣ್ಮೆಗೆ ಕೆಲಸವೇನು?

ಕೆಂಟಕಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ, ಇಂಥ ಒಂದು ಯಂತ್ರದ ಆಟವು ಪಂದ್ಯಾಸಕ್ತರು ಪರಸ್ಪರ ಪಣವೊಡ್ಡುವ ಕಾನೂನುಸಮ್ಮತ ಪದ್ಧತಿಗೆ ಸೇರದೆಂದು ತೀರ್ಪಿತ್ತಿತು. 2021ರಲ್ಲಿ ಶಾಸನಸಭೆಯು ಆ ಪದ್ಧತಿಯ ವ್ಯಾಖ್ಯೆಯನ್ನೇ ವಿಸ್ತರಿಸಿತು. ಸರಕು ತೂಕಕ್ಕೆ ಸಾಲದಾದಾಗ ತೂಕದ ಕಲ್ಲನ್ನೇ ಬದಲಿಸಿದಂತಾಯಿತು.

ಇದರ ಆದಾಯದ ಒಂದು ಪಾಲು ಪಂದ್ಯಗಳ ಬಹುಮಾನಕ್ಕೆ ಸಲ್ಲುತ್ತದೆ, ಕುದುರೆ ಸಾಕುವವರ ಜೀವನೋಪಾಯಕ್ಕೆ ನೆರವಾಗುತ್ತದೆ ಎಂಬುದು ಸತ್ಯವೇ. ಆದರೆ ವ್ಯಾಪಾರದಲ್ಲಿ ಹಣ ಕೊಟ್ಟವನಿಗೆ ಸರಕು ದೊರೆಯುತ್ತದೆ. ಜೂಜಿನಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಹುಟ್ಟುತ್ತದೆ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದ ನಮ್ಮ ಆಚಾರ್ಯರು ಶ್ರಾವಕನಿಗೆ ನ್ಯಾಯಾರ್ಜಿತ ಧನವನ್ನೇ ವಿಧಿಸಿದ್ದಾರೆ. ವಿನಿಯೋಗ ಒಳ್ಳೆಯದಾದ ಮಾತ್ರಕ್ಕೆ ಸಂಪಾದನೆ ಶುದ್ಧವಾಗದು. ದಾನ ಸ್ವೀಕರಿಸುವ ನಮ್ಮ ಬಸದಿಗಳ ಟ್ರಸ್ಟುಗಳೂ ಇದನ್ನು ನೆನಪಿನಲ್ಲಿಡುವುದು ಲೇಸು.