ಹೊಂಗೆಯೆಣ್ಣೆಯೂ ಪಿಂಗಾಣಿಲೇಪದ ಯಂತ್ರವೂ: ಒಂದು ವಿಮರ್ಶೆ

ಸಂಸ್ಕೃತದಲ್ಲಿ ಕರಂಜವೆನಿಸಿದ ಹೊಂಗೆಯು ಜಗಳೂರು ತಾಲ್ಲೂಕಿನ ಸೊಕ್ಕೆಯಂತಹ ಮಳೆಯ ಅಭಾವವುಳ್ಳ ಸೀಮೆಯಲ್ಲಿಯೂ ಬೆಳೆಯಬಲ್ಲ ವೃಕ್ಷವು. ಅದರ ಎಣ್ಣೆಯನ್ನು ಮೆಥನಾಲಿನೊಡನೆ ಸಂಸ್ಕರಿಸಲು, ಸ್ನಿಗ್ಧತೆಯು ಕುಗ್ಗಿ ಜೈವಿಕ ಡೀಸೆಲ್ ಆಗುವುದು. ಇದನ್ನು ಉರಿಸುವ ಯಂತ್ರದ ಪಿಸ್ಟನ್ನಿನ ತಲೆಗೆ ಜಿರ್ಕೋನಿಯದ ಪಿಂಗಾಣಿಲೇಪವನ್ನು ಕೊಟ್ಟರೆ ಇಂಧನವು ಉಳಿಯುವುದೆಂಬುದು ಹಲವು ಸಂಶೋಧಕರ ಮತ. ಆದರೆ ಲೇಪವು ತಡೆದ ತಾಪವೆಲ್ಲವೂ ಕಾರ್ಯವಾಗಿ ಪರಿಣಮಿಸದು. ಬಹುಭಾಗವು ಹೊಗೆಯೊಡನೆ ಹೊರಹೋಗುವುದು. ನೈಟ್ರೋಜನ್ ಆಕ್ಸೈಡುಗಳೂ ಹೆಚ್ಚಬಹುದು. ಮೇಲಾಗಿ, ಲೇಪವಿಲ್ಲದ ಯಂತ್ರದ ಡೀಸೆಲನ್ನು ಲೇಪಿತ ಯಂತ್ರದ ಹೊಂಗೆಯೆಣ್ಣೆಯೊಡನೆ ಹೋಲಿಸಿದಲ್ಲಿ, ಫಲವು ಎಣ್ಣೆಯದೋ ಲೇಪದ್ದೋ ತಿಳಿಯದು. ಎರಡು ಇಂಧನಗಳನ್ನೂ ಎರಡು ಯಂತ್ರಗಳಲ್ಲಿಯೂ ಪರೀಕ್ಷಿಸಿದಲ್ಲದೆ ಅನ್ವಯವ್ಯತಿರೇಕಗಳು ಸಿದ್ಧಿಸವು. ಅದುವರೆಗೆ ಸೊಕ್ಕೆಯ ರೈತನ ಪಂಪಿನ ಇಂಜಿನ್ನಿಗೆ ಲೇಪದ ವೆಚ್ಚವನ್ನು ವಿಧಿಸುವುದು ಯುಕ್ತವಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯೆಣ್ಣೆಯಿಂದ ನಡೆದ ಡೀಸೆಲ್ ಯಂತ್ರಕ್ಕೆ ಇಂತಹ ಲೇಪವಿರಲಿಲ್ಲ.