ಫಣಿಯಮ್ಮ ಮತ್ತು ದಾಕ್ಷಾಯಿಣಿ: ಮಲೆನಾಡಿನ ಹೆಣ್ಣುಕಟ್ಟಳೆಗಳ ಒಂದು ಮರುಓದು

ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಕಾದಂಬರಿಯ ನಾಯಕಿಯನ್ನು ತ್ಯಾಗಮೂರ್ತಿಯೆಂದು ಕೊಂಡಾಡುವ ಓದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಈ ಓದು ಕೃತಿಯ ಮುಖ್ಯ ಪ್ರಶ್ನೆಯನ್ನೇ ಮರೆಸುತ್ತದೆಂದು ನನ್ನ ಭಾವನೆ. ಫಣಿಯಮ್ಮ ಪೂಜ್ಯಳಾದೊಡನೆ ಅವಳ ತಲೆ ಬೋಳಿಸಿದವರ ಹೊಣೆ ಹಗುರವಾಗುತ್ತದೆ.

ಲೇಖಕಿ (೧೯೧೭–೧೯೯೪) ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಹುಟ್ಟೂರಿನಷ್ಟೇ ನರಸಿಂಹರಾಜಪುರದ ನಂಟೂ ಅವರಿಗಿತ್ತು. ಏಳು ವರ್ಷಗಳ ಶಾಲೆ, ಹನ್ನೆರಡಕ್ಕೆ ಮದುವೆ, ನಲವತ್ತೈದರ ಸುಮಾರಿಗೆ ಕಾದಂಬರಿ ರಚನೆ. ಮೈಸೂರು ಸಂಸ್ಥಾನದ ೧೮೯೪ರ ಬಾಲ್ಯವಿವಾಹ ಶಾಸನ ಎಂಟು ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಹನ್ನೆರಡರ ಮದುವೆಗೆ ಸಾಮಾನ್ಯವಾಗಿ ಅದರ ಅಡ್ಡಿಯಿರಲಿಲ್ಲ. ಬಾಲ್ಯದಲ್ಲಿ ತಾವು ಕಂಡಿದ್ದ ಬಾಲವಿಧವೆಯೊಬ್ಬರ ಬದುಕನ್ನೇ ಇಂದಿರಾ ಬರೆದರು. ಆದಕಾರಣ ಇಲ್ಲಿಯ ನೋಟ ಸುಧಾರಕನ ವೇದಿಕೆಯದಲ್ಲ, ಅಡುಗೆಮನೆಯದು.

ಅಡುಗೆಮನೆಯಿಂದ ನೋಡಿದಾಗ ಕಟ್ಟಳೆಯ ಸ್ವರೂಪವೇ ಬೇರೆ. ಶಾಸ್ತ್ರ ಹೇಳುವವರು ಗಂಡಸರು. ಅದನ್ನು ದಿನದಿನವೂ ನಡೆಸುವವರು ಅತ್ತೆ, ಅತ್ತಿಗೆ, ಹಿರಿಯ ವಿಧವೆಯರು. ಮಡಿಯೆಂಬುದು ವಿಧವೆಯನ್ನು ಹೊರಗಿಡುವ ಉಪಾಯವೂ ಹೌದು, ಅವಳಿಗೆ ದಕ್ಕಿದ ಏಕೈಕ ಅಧಿಕಾರವೂ ಹೌದು. ಮದುವೆಯ ಚಪ್ಪರದಲ್ಲಿ ಮುಖ ತೋರಬಾರದವಳ ಕೈಯಡುಗೆಯೇ ಮನೆಯ ಮಡಿ ಊಟಕ್ಕೆ ಬೇಕು! ಈ ವಿರೋಧವನ್ನು ಇಂದಿರಾ ವಿವರಿಸಲು ಹೋಗುವುದಿಲ್ಲ. ಒಬ್ಬಳ ದಿನಚರಿಯಾಗಿ ಮುಂದಿಡುತ್ತಾರೆ. ಫಣಿಯಮ್ಮನ ಮೌನವನ್ನು ಸಮ್ಮತಿಯೆಂದು ಓದಿದವರಿಗೆ ದಾಕ್ಷಾಯಿಣಿಯ ಪ್ರಸಂಗವೇ ಉತ್ತರ. ಕೇಶಮುಂಡನಕ್ಕೆ ಒಪ್ಪದ ಆ ಎಳೆಯ ವಿಧವೆಯ ಬೆಂಬಲಕ್ಕೆ ನಿಲ್ಲುವವಳು, ಅದೇ ಮುಂಡನಕ್ಕೆ ಒಳಗಾಗಿ ಬಾಳು ಸವೆಸಿದ ಫಣಿಯಮ್ಮ. ತಾನು ಪಾಲಿಸಿದ ನಿಯಮವನ್ನು ಇನ್ನೊಬ್ಬಳ ಮೇಲೆ ಹೇರಲು ಅವಳು ಒಪ್ಪುವುದಿಲ್ಲ. ತ್ಯಾಗವೆಂಬ ಮಾತು ಈ ನಿಲುವನ್ನು ಹಿಡಿಯಲಾರದು.

ಈ ಸೀಮೆಯ ಸ್ಮೃತಿಯಲ್ಲಿ ಹೆಣ್ಣಿನ ಬೇರೆ ಚಿತ್ರವೂ ಉಂಟು. ಶಂಕರರಿಗೂ ಮಂಡನಮಿಶ್ರರಿಗೂ ನಡೆದ ವಾದಕ್ಕೆ ಮಂಡನರ ಪತ್ನಿ ಉಭಯಭಾರತಿ ತೀರ್ಪುಗಾರಳಾಗಿದ್ದಳೆಂದೂ ಅವಳೇ ಶಾರದೆಯಾಗಿ ಶೃಂಗೇರಿಯಲ್ಲಿ ನೆಲೆಸಿದಳೆಂದೂ ಐತಿಹ್ಯ ಹೇಳುತ್ತದೆ. ವಿದ್ಯೆಗೆ ಹೆಣ್ಣನ್ನು ಅಧಿದೇವತೆಯಾಗಿಸಿದ ನೆಲದಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಅಕ್ಷರ ತಡವಾಗಿ ಬಂದಿತು. ಆರಾಧನೆ ಹಕ್ಕಾಗಿ ಪರಿಣಮಿಸಲಿಲ್ಲ.

ಕಟ್ಟಳೆ ಎಲ್ಲ ಜಾತಿಗಳಿಗೂ ಒಂದೇ ಆಗಿರಲಿಲ್ಲವೆಂಬುದನ್ನೂ ಗಮನಿಸಬೇಕು. ಕರ್ನಾಟಕದ ಅನೇಕ ಬ್ರಾಹ್ಮಣೇತರ ಸಮುದಾಯಗಳಲ್ಲಿ ಕೂಡಿಕೆ, ಉಡಿಕೆಗಳೆಂಬ ಮರುವಿವಾಹದ ರೂಢಿಯಿತ್ತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಜನಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಕಾದಂಬರಿಯ ಚಿನ್ನಮ್ಮ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಕತ್ತಲ ಕಾಡು ಹೊಗುತ್ತಾಳೆ. ಅವಳ ಧೈರ್ಯವನ್ನೂ ದಾಕ್ಷಾಯಿಣಿಯ ಧೈರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಚಿನ್ನಮ್ಮನಿಗೆ ಓಡಲು ಕಾಡಿತ್ತು, ಕಾದುನಿಂತ ಮುಕುಂದಯ್ಯನಿದ್ದ. ದಾಕ್ಷಾಯಿಣಿ ‘ಒಲ್ಲೆ’ ಎಂದದ್ದು ಅತ್ತೆಮನೆಯ ಒಳಗೇ ನಿಂತು. ಅವಳ ಪರವಾಗಿ ಮಾತಾಡಲು ಇದ್ದವಳು ಬೋಳುತಲೆಯ ಒಬ್ಬ ಮುದುಕಿ.